ಗೇರುಸೊಪ್ಪೆಯ ಮಹಾರಾಣಿ ಚೆನ್ನಭೈರಾದೇವಿ

ಕರ್ನಾಟಕದ ಜೈನ ಇತಿಹಾಸವನ್ನು ಅವಲೋಕಿಸುವವರಿಗೆ ಒಂದು ವಿಷಯ ಸ್ಪಷ್ಟವಾಗಿ ಗೋಚರಿಸುತ್ತದೆ. ಧರ್ಮಪ್ರಭಾವನೆಯ ಕಾರ್ಯದಲ್ಲಾಗಲಿ ರಾಜ್ಯಭಾರದಲ್ಲಾಗಲಿ ಇಲ್ಲಿಯ ಶ್ರಾವಿಕೆಯರು ಎಂದೂ ಹಿಂದುಳಿದವರಲ್ಲ. 10ನೆಯ ಶತಮಾನದ ಆದಿಭಾಗದಲ್ಲಿ, ಪತಿಯ ಮರಣಾನಂತರ ನಾಗರಖಂಡದ ಆಡಳಿತಸೂತ್ರವನ್ನು ಕೈಗೆತ್ತಿಕೊಂಡು, ಕೊನೆಗೆ ಬಂದಣಿಕೆಯ ತೀರ್ಥದಲ್ಲಿ ಸಲ್ಲೇಖನವನ್ನು ಸ್ವೀಕರಿಸಿದ ಜಕ್ಕಿಯಬ್ಬೆ. ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿ, 1007ರಲ್ಲಿ ಲಕ್ಕುಂಡಿಯಲ್ಲಿ ಜಿನಾಲಯವನ್ನು ಎತ್ತಿಸಿದ ದಾನಚಿಂತಾಮಣಿ ಅತ್ತಿಮಬ್ಬೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಹೊಯ್ಸಳರ ಪಟ್ಟಮಹಿಷಿ ಶಾಂತಲೆ — ಈ ಹೆಸರುಗಳು ಪ್ರತಿಯೊಂದು ಜೈನ ಮನೆಯಲ್ಲಿಯೂ ಪರಿಚಿತವಾಗಿವೆ. ಇದೇ ಮಾಲಿಕೆಯಲ್ಲಿ ಪೋಣಿಸಬೇಕಾದ ಇನ್ನೊಂದು ರತ್ನ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿಯೇ ಬೆಳಗಿತು. ಆಕೆಯೇ ಗೇರುಸೊಪ್ಪೆಯ ಮಹಾರಾಣಿ ಚೆನ್ನಭೈರಾದೇವಿ.

ಕ್ರಿ.ಶ. 1552ರಿಂದ 1606ರವರೆಗೆ, ಅಂದರೆ 54 ವರ್ಷಗಳ ದೀರ್ಘಕಾಲ ಆಕೆ ರಾಜ್ಯವಾಳಿದಳು. ಭಾರತದ ಇತಿಹಾಸದಲ್ಲಿ ಇಷ್ಟು ಸುದೀರ್ಘವಾಗಿ ಸಿಂಹಾಸನದ ಮೇಲಿದ್ದ ಮಹಿಳೆಯರು ವಿರಳ. ಆಕೆಯ ಸಮಕಾಲೀನಳಾದ ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿ ಆಳಿದ್ದು 1558ರಿಂದ 1603ರವರೆಗೆ, 44 ವರ್ಷಗಳು. ಎಲಿಜಬೆತ್ತಳ ಹೆಸರನ್ನು ಶಾಲೆಯ ಮೆಟ್ಟಿಲೇರಿದ ಪ್ರತಿಯೊಂದು ಮಗುವೂ ಕಲಿಯುತ್ತದೆ. ಆಕೆಗಿಂತ ಆರು ವರ್ಷ ಮೊದಲು ಪಟ್ಟವೇರಿ, ಆಕೆಯ ಮರಣಾನಂತರವೂ ಮೂರು ವರ್ಷ ಆಳಿದ ಚೆನ್ನಭೈರಾದೇವಿಯ ಹೆಸರು ಆಕೆಯದೇ ನಾಡಿನಲ್ಲಿ ಎಷ್ಟು ಮಂದಿಗೆ ತಿಳಿದಿದೆ ಎಂಬುದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ವಿಜಯನಗರದ ಚಕ್ರವರ್ತಿಗಳಿಗೆ ಸಾಮಂತರಾಗಿ ನಗಿರೆ ಮತ್ತು ಹಾಡುವಳ್ಳಿಗಳಲ್ಲಿ ಆಳುತ್ತಿದ್ದ ಸಾಳುವ ವಂಶದವರು ಜೈನ ಧರ್ಮಾವಲಂಬಿಗಳು. ಹಾಡುವಳ್ಳಿಯನ್ನು ಶಾಸನಗಳು ಸಂಗೀತಪುರವೆಂದು ಕರೆದಿವೆ. ನಗಿರೆ ರಾಜ್ಯದ ರಾಜಧಾನಿಯಾದ ಗೇರುಸೊಪ್ಪೆಗೆ ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳೂ ಇದ್ದವು. ಕರಾವಳಿಯ ಜೈನ ಅರಸುಮನೆತನಗಳಲ್ಲಿ ಸೋದರಿಯ ಸಂತಾನಕ್ಕೆ ಪಟ್ಟವು ಸಲ್ಲುವ ಅಳಿಯಸಂತಾನ ಪದ್ಧತಿ ರೂಢಿಯಲ್ಲಿದ್ದುದರಿಂದ ಮನೆತನದ ಸ್ತ್ರೀಯರಿಗೆ ಸಹಜವಾಗಿಯೇ ಗೌರವದ ಸ್ಥಾನವಿತ್ತು. ಸ್ತ್ರೀಯೊಬ್ಬಳು ಅಂತಃಪುರದಿಂದ ಹೊರಬಂದು ನ್ಯಾಯತೀರ್ಮಾನ ಮಾಡುವುದು, ಕಂದಾಯದ ಲೆಕ್ಕ ಕೇಳುವುದು, ಸೈನ್ಯಕ್ಕೆ ಅಪ್ಪಣೆ ಕೊಡುವುದು ಈ ನಾಡಿಗೆ ಹೊಸದಾಗಿರಲಿಲ್ಲ. ದಕ್ಷಿಣದಲ್ಲಿ ಉಳ್ಳಾಲದ ಚೌಟ ವಂಶದ ಅಬ್ಬಕ್ಕರಾಣಿ ಪೋರ್ತುಗೀಸರನ್ನು ಎದುರಿಸಿದ್ದೂ ಇದೇ ಶತಮಾನದಲ್ಲಿ. ಆಕೆಯೂ ಜೈನ ಮನೆತನದವಳೇ.

ಚೆನ್ನಭೈರಾದೇವಿಯ ರಾಜ್ಯದ ವಿಸ್ತಾರವನ್ನು ಅರಿಯಬೇಕಾದರೆ ಈ ಜಿಲ್ಲೆಯ ನದಿಗಳನ್ನು ನೆನೆಯಬೇಕು. ಕಾರವಾರದಲ್ಲಿ ಕಾಳಿ, ಅಂಕೋಲೆಯ ದಕ್ಷಿಣಕ್ಕೆ ಗಂಗಾವಳಿ, ಮಿರ್ಜಾನಿನ ಬಳಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ — ಈ ನಾಲ್ಕೂ ಘಟ್ಟದಲ್ಲಿ ಹರಿದು ಬಂದು ಸಮುದ್ರವನ್ನು ಸೇರುವ ಮುಖಗಳಲ್ಲಿ ಅಳಿವೆಗಳಿವೆ. ಅಳಿವೆಗಳ ಆಶ್ರಯದಲ್ಲಿ ಬಂದರುಗಳಿವೆ. ಹೊನ್ನಾವರ ಮತ್ತು ಭಟ್ಕಳಗಳು ರಾಣಿಯ ಮುಖ್ಯ ರೇವುಪಟ್ಟಣಗಳಾಗಿದ್ದವು. ದಕ್ಷಿಣದಲ್ಲಿ ಬೈಂದೂರು, ಉತ್ತರದಲ್ಲಿ ಮಿರ್ಜಾನ, ಅಂಕೋಲೆ, ಕಾರವಾರಗಳವರೆಗೆ ಆಕೆಯ ಅಧಿಕಾರ ಹಬ್ಬಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಇಂದು ಅಂಕೋಲೆಯಿಂದ ಹೊನ್ನಾವರಕ್ಕೆ ಹೆದ್ದಾರಿಯಲ್ಲಿ ಹೋಗುವವರು ಒಂದಾದ ಮೇಲೊಂದು ಸೇತುವೆ ದಾಟುವಾಗ, ಕೆಳಗೆ ಕಾಣುವ ಪ್ರತಿಯೊಂದು ಅಳಿವೆಯೂ ಒಂದು ಕಾಲದಲ್ಲಿ ಗೇರುಸೊಪ್ಪೆಯ ಸಿರಿಯ ಹೆಬ್ಬಾಗಿಲಾಗಿತ್ತೆಂಬುದನ್ನು ನೆನೆಯಬಹುದು.

ಆ ಸಿರಿಯ ಮೂಲ ಕರಿಮೆಣಸು. ಘಟ್ಟದ ಇಳಿಜಾರಿನ ಮರಗಳಿಗೆ ಹಬ್ಬಿದ ಬಳ್ಳಿಗಳಿಂದ ಚಳಿಗಾಲದ ಕೊನೆಗೆ ಕೊಯ್ದು, ಅಂಗಳದಲ್ಲಿ ಬಿಸಿಲಿಗೆ ಒಣಗಿಸಿದ ಮೆಣಸು ಹೇರೆತ್ತುಗಳ ಬೆನ್ನ ಮೇಲೆ ಗೇರುಸೊಪ್ಪೆಗೆ ಇಳಿಯುತ್ತಿತ್ತು. ಶರಾವತಿಯಲ್ಲಿ ದೋಣಿ ನಡೆಯುವುದು ಅಲ್ಲಿಂದ ಕೆಳಗೆ ಮಾತ್ರ. ಸುಮಾರು 30 ಕಿಲೋಮೀಟರ್ ನದಿಯಲ್ಲಿ ಸಾಗಿದರೆ ಹೊನ್ನಾವರದ ರೇವು. ಅಲ್ಲಿಂದ ಮುಂದೆ ಅರಬಸ್ಥಾನ, ಪರ್ಷಿಯಾ, ಯುರೋಪು. ರಾಜಧಾನಿಯನ್ನು ಸಮುದ್ರದ ದಂಡೆಯಲ್ಲಿ ಕಟ್ಟದೆ ಒಳನಾಡಿನ ನದೀತೀರದಲ್ಲಿ ಕಟ್ಟಿದುದರಲ್ಲಿ ಹಿರಿಯರ ದೂರದೃಷ್ಟಿ ಅಡಗಿತ್ತು. ಘಟ್ಟದಿಂದ ಇಳಿಯುವ ಸರಕು ಗೇರುಸೊಪ್ಪೆಯನ್ನು ದಾಟದೆ ಹಡಗನ್ನು ಸೇರುವಂತಿರಲಿಲ್ಲ. ಸಮುದ್ರದಿಂದ ಬರುವ ಹಗೆಯ ಹಡಗು ಗೇರುಸೊಪ್ಪೆಯನ್ನು ಸುಲಭವಾಗಿ ತಲುಪುವಂತಿರಲಿಲ್ಲ.

ವ್ಯಾಪಾರದ ಮರ್ಮವನ್ನು ಬಲ್ಲವರಿಗೆ ಇನ್ನೊಂದು ಸಂಗತಿಯೂ ಅರ್ಥವಾಗುತ್ತದೆ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಕೊಳ್ಳಲು ಬಂದ ಪೋರ್ತುಗೀಸರ ಹಡಗುಗಳು ಕಾಯುವಂತಿರಲಿಲ್ಲ. ಗಾಳಿಯ ಋತು ತಪ್ಪುವ ಮೊದಲೇ ಅವು ಲಿಸ್ಬನ್ನಿಗೆ ಹೊರಡಬೇಕಾಗಿತ್ತು. ಹೀಗೆ ಕೊಳ್ಳುವವನಿಗೆ ಅವಸರ, ಮಾರುವವಳಿಗೆ ತಾಳ್ಮೆ. ಘಟ್ಟದ ಮೇಲಿನ ದಟ್ಟ ಅರಣ್ಯದ ನಡುವೆ ಇರುವ ಕಾನೂರು ಕೋಟೆಯಲ್ಲಿ ಆಕೆ ಮೆಣಸನ್ನು ಶೇಖರಿಸಿಡುತ್ತಿದ್ದಳೆಂಬ ಪ್ರತೀತಿ ಇಂದಿಗೂ ಆ ಭಾಗದಲ್ಲಿ ಉಳಿದಿದೆ. ಪೋರ್ತುಗೀಸರು ಆಕೆಯನ್ನು ತಮ್ಮ ಭಾಷೆಯಲ್ಲಿ ರೈನಾ ದ ಪಿಮೆಂಟಾ, ಅಂದರೆ ಮೆಣಸಿನ ರಾಣಿ, ಎಂದು ಕರೆದರು. ಕೊಳ್ಳುವವನು ಮಾರುವವಳಿಗೆ ಸರಕಿನ ಹೆಸರನ್ನೇ ಇಟ್ಟನು. ಆ ಹೆಸರಿನಲ್ಲಿ ಮೆಚ್ಚುಗೆಯೂ ಇದೆ, ಅಳುಕೂ ಇದೆ. ಆದರೆ ಆಕೆಯ ಧರ್ಮವಾಗಲಿ ರಾಜನೀತಿಯಾಗಲಿ ಅದರಲ್ಲಿ ಕಾಣುವುದಿಲ್ಲ.

1510ರಲ್ಲಿ ಗೋವೆಯನ್ನು ಕೈವಶ ಮಾಡಿಕೊಂಡ ಪೋರ್ತುಗೀಸರು ಸಮುದ್ರಕ್ಕೆ ತಾವೇ ಒಡೆಯರೆಂದು ಸಾರಿದ್ದರು. ಅವರಿಂದ ಕರ್ತಾಜ್ ಎಂಬ ರಹದಾರಿ ಚೀಟಿಯನ್ನು ಪಡೆಯದೆ ಯಾವ ಹಡಗೂ ಅರಬೀ ಸಮುದ್ರದಲ್ಲಿ ನಿರ್ಭಯವಾಗಿ ಸಂಚರಿಸುವಂತಿರಲಿಲ್ಲ. ಮೆಣಸನ್ನು ತಮಗೇ ಮಾರಬೇಕು, ತಾವು ಹೇಳಿದ ಬೆಲೆಗೇ ಮಾರಬೇಕೆಂಬುದು ಅವರ ಹಟ. ಕಪ್ಪವನ್ನು ಕೊಡದ ಬಂದರುಗಳನ್ನು ಸುಡುವುದು ಅವರ ಕ್ರಮ. 1542ರಲ್ಲಿ ಅವರ ಗವರ್ನರ್ ಮಾರ್ಟಿಮ್ ಅಫೊನ್ಸೊ ದ ಸೋಜನು ಭಟ್ಕಳವನ್ನು ಸೂರೆಗೈದು ಬೆಂಕಿಗೆ ಆಹುತಿ ಮಾಡಿದ್ದನು. ಹತ್ತು ವರ್ಷಗಳ ಅನಂತರ ಪಟ್ಟವೇರಿದ ಚೆನ್ನಭೈರಾದೇವಿಯ ಮುಂದೆ ಆ ಬೂದಿಯ ನೆನಪು ಇನ್ನೂ ಹಸಿಯಾಗಿಯೇ ಇತ್ತು.

1565ರಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ವಿಜಯನಗರವು ಪತನಗೊಂಡಿತು. ಚಕ್ರವರ್ತಿಯ ನೆರಳಿನಲ್ಲಿದ್ದ ಸಣ್ಣ ರಾಜ್ಯಗಳು ಒಮ್ಮೆಲೇ ನಿರಾಶ್ರಿತವಾದವು. ಈ ಅವಕಾಶಕ್ಕಾಗಿಯೇ ಕಾದಿದ್ದವನಂತೆ 1569ರಲ್ಲಿ ಪೋರ್ತುಗೀಸ್ ವೈಸರಾಯ್ ಲೂಯಿಸ್ ದ ಅತಾಯ್ದೆಯು ದೊಡ್ಡ ನೌಕಾಪಡೆಯೊಡನೆ ಹೊನ್ನಾವರದ ಮೇಲೆ ಬಿದ್ದು, ಪಟ್ಟಣವನ್ನು ಸುಟ್ಟು, ಕೋಟೆಯನ್ನು ಹಿಡಿದು ಅಲ್ಲಿ ತನ್ನ ಕಾವಲು ಸೈನ್ಯವನ್ನು ಇರಿಸಿದನು. ಮನೆಯ ಹೆಬ್ಬಾಗಿಲಿನಲ್ಲಿಯೇ ಪರರು ಬೀಡುಬಿಟ್ಟಂತಾಯಿತು.

ರಾಣಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮರುವರ್ಷ ಬಿಜಾಪುರದ ಅಲಿ ಆದಿಲ್‌ಶಾಹ, ಅಹಮದನಗರದ ನಿಜಾಮ್‌ಶಾಹ, ಕಲ್ಲಿಕೋಟೆಯ ಸಾಮೂದಿರಿ — ಇವರೆಲ್ಲರೂ ಒಂದಾಗಿ ಪೋರ್ತುಗೀಸರ ಮೇಲೆ ಏಕಕಾಲದಲ್ಲಿ ಎರಗಿದಾಗ ಗೇರುಸೊಪ್ಪೆಯ ರಾಣಿಯೂ ಆ ಕೂಟದ ಪಕ್ಷದಲ್ಲಿ ನಿಂತಳು. ಆದಿಲ್‌ಶಾಹನು ಗೋವೆಯನ್ನೂ, ನಿಜಾಮ್‌ಶಾಹನು ಚೌಲನ್ನೂ, ಸಾಮೂದಿರಿಯು ಚಾಲಿಯಂ ಕೋಟೆಯನ್ನೂ ಮುತ್ತಿದರೆ, ರಾಣಿಯು ತನ್ನದೇ ಹೊನ್ನಾವರವನ್ನು ಮರಳಿ ಪಡೆಯಲು ಮುತ್ತಿಗೆ ಹಾಕಿಸಿದಳು. ಕೆಲವೇ ವರ್ಷಗಳ ಹಿಂದೆ ವಿಜಯನಗರವನ್ನು ಕೆಡವಿದ ಸುಲ್ತಾನರೊಡನೆ ವಿಜಯನಗರದ ಸಾಮಂತಳಾಗಿದ್ದವಳು ಕೈಜೋಡಿಸಬೇಕಾಗಿ ಬಂತು. ಹಳೆಯ ಹಗೆಗಿಂತ ಇದಿರಿನ ಅಪಾಯ ದೊಡ್ಡದೆಂದು ತೂಗಿನೋಡಿದ ವಿವೇಕ ಅದು. 1571ರಲ್ಲಿ ಸಾಮೂದಿರಿಗೆ ಮಾತ್ರ ಜಯ ದೊರೆಯಿತು. ಗೋವೆ ಮತ್ತು ಚೌಲುಗಳ ಮುತ್ತಿಗೆ ಫಲಿಸಲಿಲ್ಲ. ಹೊನ್ನಾವರದ ಕೋಟೆಯೂ ಪೋರ್ತುಗೀಸರ ಕೈಯಲ್ಲಿಯೇ ಉಳಿಯಿತು. ಆದರೂ ಒಳನಾಡಿನ ಮೆಣಸು ರಾಣಿಯ ಕೈಯಲ್ಲಿಯೇ ಇತ್ತು. ಕೋಟೆಯನ್ನು ಗೆದ್ದವರು ಸರಕಿಗಾಗಿ ಮತ್ತೆ ಆಕೆಯ ಬಾಗಿಲಿಗೇ ಬರಬೇಕಾಯಿತು. ಆ ಬಲದ ಮೇಲೆ ಆಕೆ ಇನ್ನೂ 35 ವರ್ಷ ರಾಜ್ಯವಾಳಿದಳು.

ಅಹಿಂಸೆಯೇ ಪರಮಧರ್ಮವೆಂದು ನಂಬಿದ ಶ್ರಾವಿಕೆ ಖಡ್ಗ ಹಿಡಿಸುವುದು ಸರಿಯೇ ಎಂಬ ಸಂದೇಹ ಕೆಲವರಿಗೆ ಬರಬಹುದು. ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಮೊದಲನೆಯದನ್ನು, ಅಂದರೆ ಬೇಕೆಂದೇ ಮಾಡುವ ಹಿಂಸೆಯನ್ನು, ಸಂಪೂರ್ಣವಾಗಿ ತ್ಯಜಿಸಬೇಕು. ಆಶ್ರಿತರ ರಕ್ಷಣೆಗಾಗಿ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಯನ್ನು ರಾಜ್ಯಭಾರ ಹೊತ್ತವರು ಪೂರ್ಣವಾಗಿ ತಪ್ಪಿಸಿಕೊಳ್ಳಲಾರರು. ಸುಟ್ಟ ಬಂದರಿನ ಪ್ರಜೆಗಳನ್ನು ಕಾಯಬೇಕಾದ ರಾಣಿಗೆ ಬೇರೆ ದಾರಿ ಇರಲಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಅಭಯದಾನಕ್ಕೆ ಆಕೆಯ ಕಾಲದಲ್ಲಿ ವಿಶೇಷ ಸಂದರ್ಭ ಒದಗಿಬಂತು. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಜಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಅದಕ್ಕೆ ಮೊದಲೇ ದೇವಾಲಯಗಳ ನಾಶ, ಮತಾಂತರದ ಒತ್ತಾಯಗಳಿಂದ ನೊಂದಿದ್ದ ಕೊಂಕಣಿ ಮಾತಿನ ಜನ ತಮ್ಮ ದೇವರುಗಳನ್ನು ಹೊತ್ತು ದಕ್ಷಿಣದ ಕಡೆಗೆ ಬರತೊಡಗಿದರು. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿ ಅವರು ನೆಲೆನಿಂತರು. ಹೀಗೆ ಬಂದ ಸಾರಸ್ವತರಿಗೂ ಇತರರಿಗೂ ಚೆನ್ನಭೈರಾದೇವಿ ಆಶ್ರಯವಿತ್ತಳೆಂದೂ, ಶೈವ ವೈಷ್ಣವ ದೇವಾಲಯಗಳಿಗೂ ನೆರವಾದಳೆಂದೂ ಪರಂಪರೆ ಕೃತಜ್ಞತೆಯಿಂದ ನೆನೆಯುತ್ತದೆ. ಸಾಳುವ ಜೈನ ಅರಸರ ರಾಜ್ಯದ ಸೌಹಾರ್ದಕ್ಕೆ ಭಟ್ಕಳವೇ ಸಾಕ್ಷಿ. ಅಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿಯೂ, 16ನೆಯ ಶತಮಾನದ ಖೇತಪೈ ನಾರಾಯಣ ದೇವಾಲಯವೂ ಒಂದೇ ಊರಿನಲ್ಲಿ ನಿಂತಿವೆ.

ಅರಸರು ಕಾಪಾಡಿದ ವ್ಯಾಪಾರದ ಫಲವನ್ನು ಶ್ರೇಷ್ಠಿಗಳು ಧರ್ಮಕ್ಕೆ ಅರ್ಪಿಸಿದರು. ಗೇರುಸೊಪ್ಪೆಯಲ್ಲಿ ಯೋಜಣ ಶ್ರೇಷ್ಠಿಯು ಕಟ್ಟಿಸಿದ ನೇಮೀಶ್ವರ ಚೈತ್ಯಾಲಯದ ಮುಂದೆ ಅವನ ವಂಶದ ಅಂಬವಣ ಶ್ರೇಷ್ಠಿಯು 16ನೆಯ ಶತಮಾನದಲ್ಲಿ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದುದನ್ನು ಶಾಸನವು ದಾಖಲಿಸಿದೆ. ಗಳಿಸಿದ ಹೊನ್ನು ಮಾನಸ್ತಂಭವಾಗಿ ನಿಂತಾಗ ಅದಕ್ಕೆ ಸಾರ್ಥಕತೆ. ವಿದ್ಯೆಗೂ ಅದು ಫಲವತ್ತಾದ ಕಾಲವಾಗಿತ್ತು. ಇದೇ ಜಿಲ್ಲೆಯ ಸುಧಾಪುರದ ಮಠದ ಅಕಲಂಕದೇವರ ಶಿಷ್ಯರಾದ ಭಟ್ಟಾಕಲಂಕದೇವರು 1604ರಲ್ಲಿ, ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ರಚಿಸಿ ಕನ್ನಡ ನುಡಿಯ ಘನತೆಯನ್ನು ವಿದ್ವಲ್ಲೋಕಕ್ಕೆ ಮನಗಾಣಿಸಿದರು. ಸೋಂದೆಯ ಸ್ವಾದಿ ಜೈನ ಮಠದ ಪೀಠಾಧಿಪತಿಗಳು ಭಟ್ಟಾಕಲಂಕ ಎಂಬ ನಾಮವನ್ನು ಇಂದಿಗೂ ಧರಿಸುತ್ತಿರುವುದು ಆ ಪರಂಪರೆಯ ಮುಂದುವರಿಕೆ.

ಅಘನಾಶಿನಿಯ ಬಳಿಯ ಮಿರ್ಜಾನ ಕೋಟೆಯೂ ರಾಣಿಯ ಹೆಸರಿನೊಡನೆ ಜನಮನದಲ್ಲಿ ಬೆಸೆದುಕೊಂಡಿದೆ. ಮುರಕಲ್ಲಿನ ಎತ್ತರದ ಗೋಡೆಗಳು, ಸುತ್ತಲಿನ ಕಂದಕ, ಬುರುಜುಗಳು ಇಂದಿಗೂ ಪ್ರೇಕ್ಷಕರನ್ನು ಬೆರಗುಗೊಳಿಸುತ್ತವೆ. ಅಂಕೋಲೆ ಕಡೆಯಿಂದ ಬರುವ ದಾರಿಗೂ ಹೊನ್ನಾವರ ಕಡೆಯಿಂದ ಬರುವ ದಾರಿಗೂ ಅದು ಮಧ್ಯದ ಕಾವಲು.

ಆಕೆಯ ಅಂತ್ಯ ಮಾತ್ರ ಮನಕಲಕುವಂಥದು. ಘಟ್ಟದ ಮೇಲೆ ಕೆಳದಿಯ ನಾಯಕರು ಪ್ರಬಲರಾಗುತ್ತ ಬಂದಿದ್ದರು. ಘಟ್ಟದ ಮೇಲಿನ ರಾಜ್ಯಕ್ಕೆ ಸಮುದ್ರದ ದಾರಿ ಬೇಕು. ಆ ದಾರಿಯಲ್ಲಿ ಗೇರುಸೊಪ್ಪೆ ಅಡ್ಡವಾಗಿತ್ತು. 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ಬಿಳಗಿಯ ಅರಸರ ಸಹಾಯದೊಡನೆ ದಂಡೆತ್ತಿ ಬಂದು ವೃದ್ಧೆಯಾದ ರಾಣಿಯನ್ನು ಸೆರೆಹಿಡಿದನು. ಅರ್ಧ ಶತಮಾನ ಪರಕೀಯರಿಗೆ ತಲೆಬಾಗದವಳು ನೆರೆಯ ಕನ್ನಡಿಗರ ಕೈಯಲ್ಲಿ ಬಂದಿಯಾಗಿ ಸೆರೆಯಲ್ಲಿಯೇ ಕಾಲವಶಳಾದಳು. ನಗಿರೆಯ ರಾಜ್ಯ ಅಲ್ಲಿಗೆ ಮುಗಿಯಿತು.

ಹದಿನೇಳು ವರ್ಷಗಳ ಅನಂತರ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಇಕ್ಕೇರಿಗೆ ಹೊರಟಿದ್ದ ಪೋರ್ತುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ನಗರವೂ ಅರಮನೆಯೂ ಆಗಲೇ ಹಾಳುಬಿದ್ದು ಮರಗಳು ಬೆಳೆದಿದ್ದವು. ರಾಣಿಯು ಹೊರಗಿನಿಂದ ಬಂದ ಒಬ್ಬ ಕೀಳು ಮನುಷ್ಯನಿಗೆ ಮನಸೋತು ಅಧಿಕಾರವನ್ನು ಕೊಟ್ಟಳೆಂದೂ, ಅವನ ದ್ರೋಹದಿಂದಲೇ ರಾಜ್ಯ ಕಳೆದುಕೊಂಡಳೆಂದೂ ತಾನು ಕೇಳಿದ ಕಥೆಯನ್ನು ಅವನು ಬರೆದಿಟ್ಟನು. ಅನಂತರದ ಅನೇಕರು ಅದನ್ನೇ ಪುನರುಚ್ಚರಿಸಿದರು.

ಈ ಕಥೆಯನ್ನು ಸಾಮಾನ್ಯ ಲೆಕ್ಕದ ತಕ್ಕಡಿಯಲ್ಲಿ ಇಟ್ಟು ನೋಡಬೇಕು. 1552ರಲ್ಲಿ ಪಟ್ಟವೇರುವಾಗ ಆಕೆಗೆ ಕೇವಲ 16 ವರ್ಷವಾಗಿತ್ತೆಂದು ಭಾವಿಸಿದರೂ 1606ರಲ್ಲಿ ಆಕೆಯ ವಯಸ್ಸು 70. ಆ ವಯಸ್ಸಿನ, ಐದು ದಶಕಗಳ ರಾಜ್ಯಾನುಭವವುಳ್ಳ ಶ್ರಾವಿಕೆಯ ಪತನಕ್ಕೆ ಮೋಹದ ಕಥೆಯನ್ನು ಕಾರಣವಾಗಿ ಹೇಳುವುದು ಎಷ್ಟು ಯುಕ್ತ? ಆ ಕಥೆಯನ್ನು ಹೇಳಿದ ಕಾಲದಲ್ಲಿ ಆ ನಾಡಿನ ಒಡೆತನ ಆಕೆಯನ್ನು ಗೆದ್ದವರದು. ಕೇಳಿದವನ ಜೊತೆಗಾರರು ಆಕೆಯೊಡನೆ ಕಾದಾಡಿದವರು. ಆಕೆಯ ಪರವಾಗಿ ಮಾತನಾಡಲು ಹಾಳುಬಿದ್ದ ಗೇರುಸೊಪ್ಪೆಯಲ್ಲಿ ಯಾರು ಉಳಿದಿದ್ದರು? ಸಮುದ್ರದ ಕಡೆ ಪೋರ್ತುಗೀಸರು, ಘಟ್ಟದ ಕಡೆ ನಾಯಕರು, ಮೇಲೆ ರಕ್ಷಿಸುವ ಚಕ್ರವರ್ತಿ ಇಲ್ಲ — ಆಕೆಯ ಪತನಕ್ಕೆ ಇಷ್ಟೇ ಕಾರಣಗಳು ಸಾಕು.

ಪ್ರಬಲರಾದ ಸ್ತ್ರೀಯರ ಚರಿತ್ರೆಗೆ ಈ ಬಗೆಯ ಅನ್ಯಾಯ ಹೊಸದಲ್ಲ. ಕ್ರಿ.ಪೂ. 51ರಿಂದ 30ರವರೆಗೆ ಈಜಿಪ್ತನ್ನು ಆಳಿದ ಕ್ಲಿಯೋಪಾತ್ರಳು ಅನೇಕ ಭಾಷೆಗಳನ್ನು ಬಲ್ಲವಳು, ಧಾನ್ಯ ಮತ್ತು ಖಜಾನೆಗಳ ಬಲದಿಂದ ರೋಮಿನೊಡನೆ ವ್ಯವಹರಿಸಿದವಳು. ಆದರೆ ಗೆದ್ದ ರೋಮನರು ಬರೆದ ಚರಿತ್ರೆಯಿಂದಾಗಿ ಜಗತ್ತು ಆಕೆಯನ್ನು ಪ್ರಣಯಕಥೆಗಳಲ್ಲಿ ಮಾತ್ರ ನೆನೆಯುತ್ತದೆ. ಸೋತ ಅರಸನನ್ನು ದುರ್ಬಲನೆನ್ನುವ ಲೋಕ ಸೋತ ರಾಣಿಯ ಶೀಲವನ್ನೇ ಶಂಕಿಸುತ್ತದೆ. ಈಚಿನ ವರ್ಷಗಳಲ್ಲಿ ಗಜಾನನ ಶರ್ಮರು ‘ಚೆನ್ನಭೈರಾದೇವಿ’ ಎಂಬ ಕಾದಂಬರಿಯನ್ನು ಬರೆದು ಕನ್ನಡ ಓದುಗರ ಮನೆಮನೆಗೆ ಈ ರಾಣಿಯನ್ನು ಮತ್ತೆ ಕರೆತಂದಿರುವುದು ಸಂತೋಷದ ವಿಷಯ. ಕಲ್ಪನೆಯೂ ಸತ್ಯಕ್ಕೆ ಸೇವೆ ಸಲ್ಲಿಸಬಲ್ಲದು. ಆದರೆ ಅದಕ್ಕೆ ಆಧಾರವಾಗಿ ಶಾಸನ, ಬಸದಿ, ಕೋಟೆಗಳು ಉಳಿದಿರಬೇಕು.

ಶರಾವತಿಯ ದಂಡೆಯ ನಗರಬಸ್ತಿಕೇರಿಯಲ್ಲಿ ಆ ಸಾಕ್ಷಿಗಳು ಇನ್ನೂ ಉಳಿದಿವೆ. ನಾಲ್ಕು ದಿಕ್ಕಿಗೂ ದ್ವಾರಗಳುಳ್ಳ, ನಾಲ್ಕು ದಿಕ್ಕಿಗೂ ಜಿನಬಿಂಬಗಳುಳ್ಳ ಶಿಲಾಮಯವಾದ ಚತುರ್ಮುಖ ಬಸದಿ ಕೇಂದ್ರ ಸರ್ಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪೂರ್ವದಲ್ಲಿ ಅಲ್ಲಿ ಒಂದು ಲಕ್ಷ ಮನೆಗಳೂ 84 ಬಸದಿಗಳೂ ಇದ್ದವೆಂದು ಐತಿಹ್ಯ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ವೈಭವದಲ್ಲಿ ಉತ್ಪ್ರೇಕ್ಷೆ ಇಲ್ಲವೆಂಬುದನ್ನು ಕಾಡಿನ ನಡುವೆ ಚದುರಿ ಬಿದ್ದ ಕಲ್ಲುಗಳೇ ಹೇಳುತ್ತವೆ. ಆ ಬಸದಿಗಳನ್ನು ಕಟ್ಟಿದವರಿಗೆ ದ್ರವ್ಯದ ಕೊರತೆ ಇರಲಿಲ್ಲ, ಭಕ್ತಿಯ ಕೊರತೆಯೂ ಇರಲಿಲ್ಲ. ರಾಜ್ಯ ಅಳಿದು ಶ್ರಾವಕರು ಚದುರಿದ ಮೇಲೆ ಅಭಿಷೇಕದ ನೀರು ತರುವವರು, ಸಂಜೆಯ ದೀಪ ಹಚ್ಚುವವರು ಇಲ್ಲವಾದರು. ಹದಿನೇಳು ವರ್ಷಗಳಲ್ಲಿ ಕಾಡು ನಗರವನ್ನು ನುಂಗಿತು.

ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ ಈ ಸತ್ಯವನ್ನು ಮನನ ಮಾಡುವುದು ಉಚಿತ. ಪಂಚಕಲ್ಯಾಣಗಳು ಕೆಲವು ದಿನಗಳಲ್ಲಿ ಸಾಂಗವಾಗಿ ನೆರವೇರುತ್ತವೆ. ಅನಂತರದ ಪ್ರತಿದಿನದ ಪೂಜೆ, ಸ್ವಾಧ್ಯಾಯ, ಮಕ್ಕಳಿಗೆ ಕೊಡುವ ಸಂಸ್ಕಾರಗಳೇ ಬಸದಿಯ ಆಯುಷ್ಯ. ಕಾರವಾರ, ಅಂಕೋಲೆಗಳ ಸಮಾಜ ಬಾಂಧವರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಗೇರುಸೊಪ್ಪೆಗೆ ಹೋಗಿ, ಚತುರ್ಮುಖ ಬಸದಿಯ ಜಿನಬಿಂಬಗಳ ದರ್ಶನ ಪಡೆದು, ಈ ನಾಡನ್ನು 54 ವರ್ಷ ಕಾಯ್ದ ಶ್ರಾವಿಕೆಯ ಹೆಸರನ್ನು ಅವರಿಗೆ ಹೇಳಿಕೊಟ್ಟರೆ ಮಹಾರಾಣಿ ಚೆನ್ನಭೈರಾದೇವಿಗೆ ಅದಕ್ಕಿಂತ ಮಿಗಿಲಾದ ಗೌರವ ಬೇರೆ ಬೇಕಿಲ್ಲ.

ಜೈನಂ ಜಯತು ಶಾಸನಂ.